ಬಾವಿಯೊಳಗಿನ ಬಿಸಿಲು

ಸ್ಥಿರವಾಗಿರುವುದನ್ನು ಚಂಚಲವೆಂದು ಕರೆಯುವುದು ಲೋಕದ ಹಳೆಯ ಅಭ್ಯಾಸ. ರೈಲಿನಲ್ಲಿ ಕುಳಿತವನಿಗೆ ದಾರಿಯ ಬದಿಯ ಮರಗಳು ಓಡುತ್ತವೆ. ತಲೆ ತಿರುಗಿದವನಿಗೆ ಮನೆಯ ಕಂಬಗಳು ಸುತ್ತುತ್ತವೆ. ಈ ಬಗೆಯ ಅಪವಾದವನ್ನು ಬಹುಕಾಲದಿಂದ ಹೊತ್ತು, ಒಂದು ಮಾತನ್ನೂ ಆಡದೆ ಸುಮ್ಮನಿರುವ ವಸ್ತುಗಳಲ್ಲಿ ಹಳ್ಳಿಯ ಬಾವಿಯೂ ಒಂದು. ಪುಷ್ಯಮಾಸದ ನಸುಕಿನಲ್ಲಿ ಸೇದಿದ ನೀರಿನಲ್ಲಿ ಕೈಯಿಟ್ಟು ಜನರು ‘ಬಾವಿಯ ನೀರು ಬೆಚ್ಚಗಿದೆ’ ಎನ್ನುತ್ತಾರೆ. ವೈಶಾಖದ ಮಧ್ಯಾಹ್ನದಲ್ಲಿ ಅದೇ ಬಾವಿಯಿಂದ ಅದೇ ಬಿಂದಿಗೆಯಲ್ಲಿ ಬಂದ ನೀರನ್ನು ಕುಡಿದು ‘ಎಷ್ಟು ತಣ್ಣಗಿದೆ!’ ಎನ್ನುತ್ತಾರೆ. ಚಳಿಯಲ್ಲಿ ಬಿಸಿ, ಬಿಸಿಲಿನಲ್ಲಿ ತಂಪು. ಇಂಥ ಎರಡು ಗುಣಗಳು ಒಂದೇ ವಸ್ತುವಿನಲ್ಲಿ ಕೂಡಿರುವುದನ್ನು ಕಂಡು ಬೆರಗಾಗಿಯೇ ಸಂಸ್ಕೃತದ ಸುಭಾಷಿತಕಾರನು ಬಾವಿಯ ನೀರನ್ನು ಆಲದ ಮರದ ನೆರಳಿನೊಡನೆ ಸೇರಿಸಿ ಹೊಗಳಿದನು. ನಿಜವಾಗಿ ನೋಡಿದರೆ ಬಾವಿಗೆ ಇರುವುದು ಎರಡು ಗುಣಗಳಲ್ಲ, ಒಂದೇ. ಅದು ಇದ್ದಂತೆಯೇ ಇರುತ್ತದೆ. ಬದಲಾಗುವುದು ಬಾವಿಯ ಕಟ್ಟೆಯ ಮೇಲೆ ನಿಂತವರ ಮೈ.

ಈ ವಿಷಯವು ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯಂಥ ಊರಿನ ಯಾವ ಮನೆಯಲ್ಲಿಯಾದರೂ ಚರ್ಚೆಗೆ ಬರಬಹುದು. ಪಟ್ಟಣದಲ್ಲಿ ಓದುವ ಮೊಮ್ಮಗನೊಬ್ಬನು ರಜಕ್ಕೆ ಬಂದವನು, ಆಗತಾನೆ ಸೇದಿದ ನೀರಿನಲ್ಲಿ ಉಷ್ಣಮಾಪಕವನ್ನು ಅದ್ದಿ ನೋಡಿ, “ಅಜ್ಜಿ, ಸಂಕ್ರಾಂತಿಗೆ ಬಂದಾಗಲೂ ಇಪ್ಪತ್ತಾರು ಡಿಗ್ರಿ ಇತ್ತು, ಯುಗಾದಿ ಕಳೆದ ಮೇಲೂ ಅಷ್ಟೇ ಇದೆ. ನೀರು ಬಿಸಿಯೂ ಆಗಿಲ್ಲ, ತಣ್ಣಗೂ ಆಗಿಲ್ಲ” ಎಂದರೆ, ಅಜ್ಜಿ ಸುಮ್ಮನಿರುವಳೇ? “ಹಾಗಾದರೆ ಅರವತ್ತು ವರ್ಷದಿಂದ ನನ್ನ ಮೈ ಸುಳ್ಳು ಹೇಳಿಕೊಂಡು ಬಂತೇನು ಮಗ?” ಎಂದು ಕೇಳುವಳು. ಇಬ್ಬರ ಮಾತೂ ದಿಟವೇ. ಹದಿನೇಳನೆಯ ಶತಮಾನದ ಆಂಗ್ಲ ತತ್ತ್ವಜ್ಞಾನಿ ಜಾನ್ ಲಾಕನು ಈ ಜಗಳವನ್ನು ಎಂದೋ ತೀರಿಸಿದ್ದಾನೆ: ಒಂದು ಕೈ ಬೆಚ್ಚಗೂ ಇನ್ನೊಂದು ಕೈ ತಣ್ಣಗೂ ಇದ್ದಾಗ ಎರಡನ್ನೂ ಒಂದೇ ನೀರಿನಲ್ಲಿ ಇಟ್ಟರೆ, ಒಂದಕ್ಕೆ ಆ ನೀರು ತಂಪಾಗಿಯೂ ಇನ್ನೊಂದಕ್ಕೆ ಬಿಸಿಯಾಗಿಯೂ ತೋರುತ್ತದೆ. ಧನುರ್ಮಾಸದ ಬೆಳಗಿನ ಜಾವ ಕನಕಪುರದ ಸೀಮೆಯ ಗಾಳಿ 15 ಡಿಗ್ರಿ ಸೆಂಟಿಗ್ರೇಡಿನ ಹತ್ತಿರಕ್ಕೆ ಇಳಿಯುವುದುಂಟು. ಬೇಸಗೆಯ ಹಗಲಿನಲ್ಲಿ 35 ಡಿಗ್ರಿಯನ್ನು ದಾಟುವುದುಂಟು. ದಕ್ಷಿಣ ಕರ್ನಾಟಕದ ಬಯಲುಸೀಮೆಯ ಅಂತರ್ಜಲವಾದರೋ ವರ್ಷವೆಲ್ಲ ಸುಮಾರು 25ರಿಂದ 27 ಡಿಗ್ರಿಗಳ ನಡುವೆ ನಿಂತಿರುತ್ತದೆ. ಅಜ್ಜಿಯ ಮೈ ಹೇಳಿದ್ದು ಗಾಳಿಯ ಸುದ್ದಿಯನ್ನು. ಮೊಮ್ಮಗನ ಉಷ್ಣಮಾಪಕ ಹೇಳಿದ್ದು ನೀರಿನ ಸುದ್ದಿಯನ್ನು.

ನೀರು ಹೀಗೆ ಒಂದೇ ಹದದಲ್ಲಿ ನಿಲ್ಲುವುದಕ್ಕೆ ಕಾರಣವು ಮಣ್ಣಿನ ಸಾವಧಾನ. ಬಿಸಿಲು ನೆಲವನ್ನು ಮುಟ್ಟಿದ ಕ್ಷಣವೇ ಕೆಳಗಿಳಿದು ಹೋಗುವುದಿಲ್ಲ. ಒಂದು ಹಗಲಿನ ಕಾವು ಮೊಣಕಾಲುದ್ದ ಇಳಿಯುವುದರೊಳಗೆ ರಾತ್ರಿಯ ತಂಪು ಬೆನ್ನಟ್ಟಿ ಬಂದು ಅದನ್ನು ಅಳಿಸುತ್ತದೆ. ಒಂದು ಬೇಸಗೆಯ ಕಾವು ಏಳೆಂಟು ಮೀಟರು ಇಳಿಯುವ ಹೊತ್ತಿಗೆ ಮೇಲೆ ಚಳಿಗಾಲವೇ ಬಂದಿರುತ್ತದೆ. ಅಷ್ಟರಲ್ಲಿ ಮೇಲಣ ಏರಿಳಿತದ ಇಪ್ಪತ್ತರಲ್ಲೊಂದು ಪಾಲೂ ಉಳಿದಿರುವುದಿಲ್ಲ. ಹತ್ತು ಹದಿನೈದು ಮೀಟರುಗಳ ಕೆಳಗೆ ಋತುಗಳ ಸುಳಿವೇ ಇಲ್ಲ. ಅಲ್ಲಿರುವುದು ಹಲವು ವರ್ಷಗಳ ಹಗಲು ರಾತ್ರಿ, ಬೇಸಗೆ ಚಳಿಗಾಲಗಳನ್ನೆಲ್ಲ ಕೂಡಿ ಭಾಗಿಸಿ ತೆಗೆದ ಸರಾಸರಿ. ಪ್ಯಾರಿಸ್ಸಿನ ವೇಧಶಾಲೆಯ ನೆಲಮಾಳಿಗೆಯಲ್ಲಿ, ಸುಮಾರು 28 ಮೀಟರು ಆಳದಲ್ಲಿ, ರಸಾಯನಶಾಸ್ತ್ರಜ್ಞನಾದ ಲಾವಾಜಿಯೇಯ ಉಷ್ಣಮಾಪಕವನ್ನು 1783ರಲ್ಲಿ ಇಟ್ಟರು. ಮೇಲೆ ಹಿಮ ಬಿದ್ದರೂ ಬಿಸಿಲು ಕಾದರೂ ಅದರ ಪಾದರಸವು 12 ಡಿಗ್ರಿಗೆ ತುಸು ಕೆಳಗೆ ಕದಲದೆ ನಿಂತುದನ್ನು ಕಂಡು ವಿದ್ವಾಂಸರು ವಿಸ್ಮಯಪಟ್ಟರು. ಅಂದು ಅವರು ಕಂಡದ್ದು ಆ ಊರಿನ ಬಿಸಿಲಿನ ಸರಾಸರಿ. ಕೋಡಿಹಳ್ಳಿಯ ಬಾವಿಯಲ್ಲಿರುವುದು ಈ ಊರಿನ ಬಿಸಿಲಿನ ಸರಾಸರಿ. ಬಾವಿಯಿಂದ ಮೇಲೆ ಬರುವ ಪ್ರತಿಯೊಂದು ಕೊಡದಲ್ಲಿಯೂ ನೀರಿನ ಜೊತೆಗೆ ಹಳೆಯ ಬಿಸಿಲು ಬರುತ್ತದೆ.

ಇದನ್ನು ಭೂಗರ್ಭದ ಕಾವಿನೊಡನೆ ಬೆರೆಸಬಾರದು. ಭೂಮಿಯ ಒಡಲಿನಲ್ಲಿಯೂ ಬೆಂಕಿಯಿದೆ, ನಿಜ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವುದಕ್ಕೆ ಮೊದಲು ಮೂರು ಕಿಲೋಮೀಟರಿಗೂ ಮೀರಿ ಆಳಕ್ಕೆ ಇಳಿದಿದ್ದವು. ಅಲ್ಲಿನ ಬಂಡೆಯ ಕಾವು 60 ಡಿಗ್ರಿಯನ್ನು ದಾಟಿತ್ತು. ಮೇಲಿನಿಂದ ತಣ್ಣನೆಯ ಗಾಳಿಯನ್ನು ಇಳಿಸದೆ ಅಲ್ಲಿ ಕೆಲಸ ಸಾಗುತ್ತಿರಲಿಲ್ಲ. ಆದರೆ ಅಷ್ಟು ಆಳಕ್ಕೆ ಹೋಗಿ ಬೆಂಕಿಯನ್ನು ತರುವುದು ಗೃಹಸ್ಥನ ಕೆಲಸವಲ್ಲ. ಅವನ ಹಿತ್ತಲಿನ ಕೆಳಗೆ, ಹಗ್ಗಕ್ಕೆ ನಿಲುಕುವ ದೂರದಲ್ಲಿ ಇರುವುದು ಸೂರ್ಯನು ಇಟ್ಟುಹೋದ ಇಡಗಂಟು. ಅದು ಸುಡುವುದಿಲ್ಲ, ಬೇಯಿಸುವುದಿಲ್ಲ. ಹದವಾಗಿದೆ, ಅಷ್ಟೇ.

ಹದವಾಗಿರುವುದರ ಬೆಲೆಯನ್ನು ಹಿಂದಿನವರು ತಿಳಿದಿದ್ದರು. ಹಳೆಯ ಮೈಸೂರು ಸೀಮೆಯ ರೈತರು ರಾಗಿಯನ್ನು ತುಂಬಿಡುತ್ತಿದ್ದ ಹಗೇವು ಇದಕ್ಕೆ ಸಾಕ್ಷಿ. ಗಟ್ಟಿ ನೆಲದಲ್ಲಿ ಕೊಡದ ಆಕಾರಕ್ಕೆ ಗುಂಡಿ ತೋಡಿ, ಕಿರಿದಾದ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಒಳಗಿನ ಧಾನ್ಯವು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಗಾಳಿಯಾಡದಿದ್ದುದು ಒಂದು ಕಾರಣ, ಬಿಸಿಲು ಚಳಿಗಳು ತಾಗದಿದ್ದುದು ಇನ್ನೊಂದು. ಬರಗಾಲಕ್ಕೆಂದು ಅನ್ನವನ್ನು ನೆಲದೊಳಗೆ ಕಾದಿರಿಸಿದವರ ಮಕ್ಕಳಿಗೆ, ಚಳಿಗಾಲಕ್ಕೆಂದು ಬಿಸಿಲನ್ನು ನೆಲವೇ ಕಾದಿರಿಸುತ್ತದೆಂಬ ಮಾತು ಹೊಸದಾಗಿ ಕೇಳಬೇಕಾಗಿಲ್ಲ.

ಈ ಹದವು ಕೋಡಿಹಳ್ಳಿಯ ಸುತ್ತಿನ ಊರುಗಳಿಗೆ ಬರಿಯ ಕುತೂಹಲದ ವಿಷಯವಲ್ಲ; ಜೀವನದ ವಿಷಯ. ಇದು ಹಿಪ್ಪುನೇರಳೆಯ ಸೀಮೆ. ಇಲ್ಲಿ ಬೆಳೆದ ಗೂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತದೆ. ಆ ಮಾರುಕಟ್ಟೆ ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ರೇಷ್ಮೆಯ ಹುಳುವಿನಂಥ ನಾಜೂಕಿನ ಪ್ರಾಣಿ ಒಕ್ಕಲುಮನೆಯಲ್ಲಿ ಇನ್ನೊಂದಿಲ್ಲ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿಯ ಬೆಚ್ಚಗು ಬೇಕು. ನಾಲ್ಕು ಜ್ವರಗಳನ್ನು ಕಳೆಯುತ್ತ ಬೆಳೆದ ಹುಳುವಿಗೆ 24, 25 ಡಿಗ್ರಿ ಸಾಕು. ಚಳಿ ಹೆಚ್ಚಿದರೆ ಹುಳು ಸೊಪ್ಪನ್ನು ಮುಟ್ಟದೆ ಮಂಕಾಗುತ್ತದೆ, ಬೆಳೆಯುವ ದಿನಗಳು ಏರುತ್ತವೆ. ಸೆಕೆ ಹೆಚ್ಚಿದರೆ ರೋಗ ತಗಲುತ್ತದೆ. ಆದುದರಿಂದ ಒಕ್ಕಲಿನ ಹೆಂಗಸು ಚಳಿಗಾಲದ ರಾತ್ರಿ ಎದ್ದು ಹುಳುಮನೆಯಲ್ಲಿ ಇದ್ದಲಿನ ಒಲೆಯನ್ನೋ ವಿದ್ಯುತ್ತಿನ ಒಲೆಯನ್ನೋ ಹೊತ್ತಿಸುತ್ತಾಳೆ. ಬೇಸಗೆಯಲ್ಲಿ ಗೋಣಿಯ ತಟ್ಟುಗಳನ್ನು ನೆನೆಸಿ ಕಿಟಕಿಗೆ ಇಳಿಬಿಡುತ್ತಾಳೆ. ಇಷ್ಟೆಲ್ಲ ಪಾಡು ಏತಕ್ಕೆ? ಗಾಳಿಯನ್ನು 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸುವುದಕ್ಕೆ. ಅದೇ ಹುಳುಮನೆಯ ಗೋಡೆಯಾಚೆ, ನೆಲದ ಕೆಳಗೆ, ಅದೇ 25 ಡಿಗ್ರಿಯ ನೀರು ಯಾರ ಕಾವಲೂ ಇಲ್ಲದೆ ನಿಂತಿರುತ್ತದೆ. ಕೈಯಲ್ಲಿ ಬೆಣ್ಣೆಯನ್ನಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಎಂಬ ಗಾದೆ ಇಲ್ಲಿಗೆ ಸಲ್ಲುತ್ತದೆ.

ಆ ನೀರನ್ನು ಕೊಳವೆಗಳಲ್ಲಿ ಹುಳುಮನೆಯ ಗೋಡೆಯುದ್ದಕ್ಕೂ ಹರಿಯಿಸಿ ಮತ್ತೆ ನೆಲಕ್ಕೆ ಬಿಟ್ಟರೆ ನಡುರಾತ್ರಿಯ ಚಳಿಯೂ ನಡುಹಗಲಿನ ಸೆಕೆಯೂ ಎರಡೂ ಮೊಂಡಾಗುತ್ತವೆ. ಸಾವಿರ ಲೀಟರು ನೀರು ಐದು ಡಿಗ್ರಿ ತಣಿದರೆ ಬಿಟ್ಟುಕೊಡುವ ಶಾಖವು 5,000 ಕಿಲೊಕ್ಯಾಲೊರಿ. ಒಂದೂವರೆ ಕಿಲೋಗ್ರಾಂ ಒಣಸೌದೆ ಉರಿದರೆ ಬರುವಷ್ಟು, ಅದೂ ಹೊಗೆಯಿಲ್ಲದೆ. ಆದರೆ 26 ಡಿಗ್ರಿಯ ನೀರಿನಿಂದ ಮನೆಯನ್ನು 26 ಡಿಗ್ರಿಯ ವರೆಗೆ ತರಲಾಗದು. ಸ್ನಾನದ ಹಂಡೆಯನ್ನಂತೂ ಕಾಯಿಸಲಾಗದು. ಶಾಖವು ನೀರಿನಂತೆಯೇ ಮೇಲಿನಿಂದ ಕೆಳಕ್ಕೆ ತಾನಾಗಿ ಹರಿಯುತ್ತದೆ. ಕೆಳಗಿನಿಂದ ಮೇಲಕ್ಕೆ ಹರಿಯಬೇಕಾದರೆ ಎತ್ತಬೇಕು. ನೀರನ್ನು ಎತ್ತುವುದಕ್ಕೆ ಕಪಿಲೆಯಿರುವಂತೆ ಶಾಖವನ್ನು ಎತ್ತುವುದಕ್ಕೂ ಒಂದು ಯಂತ್ರವಿದೆ.

ಕಾವಿನ ಈ ಕಪಿಲೆಯು ನೋಡದ ವಸ್ತುವೇನಲ್ಲ. ಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಒಳಗಿನ ಹಾಲಿನಿಂದ ತೆಗೆದ ಶಾಖವನ್ನು ಅದು ಅಲ್ಲಿ ಸುರಿಯುತ್ತಿದೆ. ಹಾಲಿನ ಜಾಗದಲ್ಲಿ ಬಾವಿಯನ್ನೂ ಹಿಂಬದಿಯ ಜಾಗದಲ್ಲಿ ಹಂಡೆಯನ್ನೂ ಇಟ್ಟರೆ ಯಂತ್ರ ಸಿದ್ಧವಾಯಿತು. ಇದರ ತತ್ತ್ವವನ್ನು ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ನನು 1852ರಲ್ಲಿಯೇ ಹೇಳಿದನು. ನೆಲದಿಂದ ಶಾಖವನ್ನು ತೆಗೆಯುವ ಯೋಚನೆಗೆ ಸ್ವಿಟ್ಜರ್ಲೆಂಡಿನ ಹೈನ್ರಿಕ್ ಚೆಲ್ಲಿಯು 1912ರಲ್ಲಿ ಪೇಟೆಂಟು ಪಡೆದನು. 1938ರಲ್ಲಿ ಜ್ಯೂರಿಕ್ ನಗರದ ಸಭಾಭವನವನ್ನು ಅದರ ಪಕ್ಕದಲ್ಲಿ ಹರಿಯುವ ಲಿಮ್ಮಾಟ್ ನದಿಯ ತಣ್ಣೀರಿನಿಂದಲೇ ಬೆಚ್ಚಗೆ ಮಾಡಿದರು. 1948ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ದೊಡ್ಡ ಕಟ್ಟಡವೊಂದು ಬಾವಿಯ ನೀರಿನಿಂದ ಚಳಿಗಾಲದಲ್ಲಿ ಕಾವನ್ನೂ ಬೇಸಗೆಯಲ್ಲಿ ತಂಪನ್ನೂ ಪಡೆಯತೊಡಗಿತು. ಸ್ವೀಡನ್ ದೇಶದಲ್ಲಿ ಇಂದು ಲಕ್ಷಗಟ್ಟಲೆ ಮನೆಗಳಿಗೆ ನೆಲವೇ ಒಲೆ.

ಕಪಿಲೆಯ ಉಪಮಾನವನ್ನು ಇನ್ನೂ ಒಂದು ಹೆಜ್ಜೆ ಎಳೆಯಬಹುದು. ಬಾವಿಯ ನೀರು ಮೇಲಿದ್ದಷ್ಟೂ ಎತ್ತುಗಳ ದುಡಿಮೆ ಹಗುರ. ಅಂತೆಯೇ ನೆಲದ ಕಾವು ಹೆಚ್ಚಿದ್ದಷ್ಟೂ ಯಂತ್ರಕ್ಕೆ ತಗಲುವ ವಿದ್ಯುತ್ತು ಕಡಿಮೆ. ಸ್ವೀಡನ್ನಿನವನು ತನ್ನ ಶಾಖವನ್ನು ಏಳೆಂಟು ಡಿಗ್ರಿಯ ಆಳದಿಂದ ಎತ್ತಬೇಕು. ಕೋಡಿಹಳ್ಳಿಯವನಿಗೆ ಅದು 26 ಡಿಗ್ರಿಯಲ್ಲಿ, ಎಂದರೆ ಬಾವಿಯ ಬಾಯಿಯಲ್ಲಿಯೇ ಸಿಕ್ಕುತ್ತದೆ. ನೂರು ಲೀಟರು ನೀರನ್ನು 26ರಿಂದ 42 ಡಿಗ್ರಿಗೆ ಕಾಯಿಸುವುದಕ್ಕೆ ಸಾಧಾರಣ ವಿದ್ಯುತ್ ಹಂಡೆಗೆ ಎರಡು ಯೂನಿಟ್ಟಿಗೆ ತುಸು ಕಡಿಮೆ ಬೇಕು. ಕೊಟ್ಟ ವಿದ್ಯುತ್ತಿನ ನಾಲ್ಕರಷ್ಟು ಶಾಖವನ್ನು ಎತ್ತಿಕೊಡುವ ಯಂತ್ರವು ಅದೇ ಕೆಲಸವನ್ನು ಅರ್ಧ ಯೂನಿಟ್ಟಿನಲ್ಲಿ ಮುಗಿಸುತ್ತದೆ. ಉಳಿದ ಮುಕ್ಕಾಲು ಪಾಲನ್ನು ಕೊಡುವವನು ಹಳೆಯ ಸೂರ್ಯ. ಯಂತ್ರದ ಬೆಲೆ ಒಂದು ಬಡ ಒಕ್ಕಲಿಗೆ ಭಾರವೆಂಬುದು ದಿಟ. ಆದರೆ ಹತ್ತು ಹುಳುಮನೆಗಳು ಕೂಡಿ ಒಂದು ಕಪಿಲೆಯನ್ನು ಹೂಡಿದರೆ ಆ ಭಾರ ಹಂಚಿಹೋಗುತ್ತದೆ.

ಇಷ್ಟರವರೆಗೆ ಹೇಳಿದುದು ಒಂದು ಕೋಡಿಹಳ್ಳಿಯ ಕಥೆ. ಇದೇ ಹೆಸರಿನ ಇನ್ನೊಂದು ಊರಿದೆ. ಅದು ಬೆಂಗಳೂರಿನ ಪೂರ್ವಭಾಗದಲ್ಲಿ, ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬಳಿಯಲ್ಲಿದೆ. ಊರಿದೆ ಎನ್ನುವುದಕ್ಕಿಂತ ಊರಿನ ಹೆಸರಿದೆ ಎನ್ನುವುದು ಸರಿ. ಕೋಡಿಯೆಂದರೆ ಕೆರೆ ತುಂಬಿ ಮಿಕ್ಕ ನೀರು ಹೊರಬೀಳುವ ಜಾಗ; ಕೆರೆಯಿಲ್ಲದೆ ಕೋಡಿಯಿಲ್ಲ. ನಗರದ ಕೋಡಿಹಳ್ಳಿಯ ನೆರೆಯಲ್ಲಿದ್ದ ಚಲ್ಲಘಟ್ಟದ ಕೆರೆ ಗಾಲ್ಫ್ ಆಟದ ಬಯಲಾಯಿತು. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳೂ ಸಂಪಂಗಿ ಕೆರೆಯ ಅಂಗಳದಲ್ಲಿ ಓಟದ ಪಂದ್ಯಗಳೂ ಬಂದುವು. ಸೂರ್ಯನು ಎರಡು ಕೋಡಿಹಳ್ಳಿಗಳಿಗೂ ಒಂದೇ. ಕೆಳಗಿನ ಬಂಡೆಯ ನೆಲವೂ ಹೆಚ್ಚುಕಡಮೆ ಒಂದೇ. ಬೇರೆಯಾದುದು ನಡುವಿನ ಹೊದಿಕೆ. ಅಲ್ಲಿ ಮಣ್ಣು, ಸೊಪ್ಪು, ನೆರಳು. ಇಲ್ಲಿ ಕಾಂಕ್ರೀಟು ಮತ್ತು ಡಾಂಬರು.

ಹೊದಿಕೆ ಬದಲಾದರೆ ಕೆಳಗಿನ ನೀರಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಲೋಕದ ಹಲವು ನಗರಗಳು ಉತ್ತರ ಹೇಳಿವೆ. ಜರ್ಮನಿಯ ಕಲೋನ್ ನಗರದ ಕೆಳಗಿನ ಅಂತರ್ಜಲವೂ ಕೆನಡದ ವಿನ್ನಿಪೆಗ್ ನಗರದ ಕೆಳಗಿನದೂ ಸುತ್ತಣ ಹಳ್ಳಿಗಳ ನೀರಿಗಿಂತ ಮೂರರಿಂದ ಐದು ಡಿಗ್ರಿ ಹೆಚ್ಚು ಬೆಚ್ಚಗಿದೆ. ಜಪಾನಿನ ವಿಜ್ಞಾನಿಗಳು ಬಾವಿಗಳೊಳಗೆ ಉಷ್ಣಮಾಪಕವನ್ನು ಇಳಿಸಿ ಅಳೆದು, ನೆಲದ ಮೈ ಟೋಕಿಯೋದಲ್ಲಿ 2.8, ಸೋಲಿನಲ್ಲಿ 2.5, ಒಸಾಕದಲ್ಲಿ 2.2, ಬ್ಯಾಂಕಾಕಿನಲ್ಲಿ 1.8 ಡಿಗ್ರಿ ಕಾದಿದೆಯೆಂದು 2007ರಲ್ಲಿ ತಿಳಿಸಿದರು. ಈ ಪಟ್ಟಿಯಲ್ಲಿ ಬ್ಯಾಂಕಾಕು ಗಮನಿಸತಕ್ಕದ್ದು. ಅದು ಬೆಂಗಳೂರಿನಂತೆಯೇ ಉಷ್ಣವಲಯದ ಊರು, ಅಲ್ಲಿ ಮನೆಯನ್ನು ಕಾಯಿಸುವ ರೂಢಿಯೇ ಇಲ್ಲ. ಕಾವು ಇಳಿಯುವ ದಾರಿಗಳು ಹಲವು: ಬಿಸಿಲಿಗೆ ಕಾದ ರಸ್ತೆ, ಕಟ್ಟಡಗಳ ನೆಲಮಾಳಿಗೆ, ಬೆಚ್ಚನೆಯ ಕೊಳಚೆಯನ್ನು ಒಯ್ಯುವ ಕೊಳವೆ, ನೆಲದಡಿಯ ವಿದ್ಯುತ್ತಂತಿ, ರೈಲಿನ ಸುರಂಗ. ಮರ ಕಡಿದಲ್ಲಿ ನೆರಳು ಹೋಗುತ್ತದೆ. ಮಣ್ಣು ಮುಚ್ಚಿದಲ್ಲಿ ನೀರು ಆವಿಯಾಗಿ ನೆಲವನ್ನು ತಣಿಸುವುದು ನಿಲ್ಲುತ್ತದೆ. ನಗರದಲ್ಲಿ ನೀರಿನ ಕೆರೆಗಳು ಬತ್ತಿದುವು; ನೆಲದೊಳಗಿನ ಕಾವಿನ ಕೆರೆ ತುಂಬಿ ಕೋಡಿ ಬಿದ್ದಿದೆ.

ಕೋಡಿ ಬಿದ್ದ ನೀರನ್ನು ಗದ್ದೆಗೆ ತಿರುಗಿಸುವವನು ಜಾಣ. ಕಲೋನಿನ ಕೆಳಗಿನ ನೀರನ್ನು ಕೆಲವು ಡಿಗ್ರಿ ತಣಿಸಿದರೆ ಸಿಕ್ಕುವ ಶಾಖವು ಆ ನಗರದ ಮನೆಗಳಿಗೆಲ್ಲ ಒಂದು ವರ್ಷಕ್ಕೆ ಬೇಕಾದುದಕ್ಕಿಂತ ಹೆಚ್ಚೆಂದು 2010ರಲ್ಲಿ ಲೆಕ್ಕ ಹಾಕಲಾಯಿತು. ಲಂಡನ್ನಿನಲ್ಲಿ ನೂರು ವರ್ಷಗಳ ಕಾಲ ಓಡಿದ ಸುರಂಗದ ರೈಲುಗಳು ಸುತ್ತಣ ಜೇಡಿಮಣ್ಣನ್ನು ಕಾಯಿಸಿಬಿಟ್ಟಿದ್ದವು; ಅಲ್ಲಿನ ಇಸ್ಲಿಂಗ್‌ಟನ್ ಭಾಗದಲ್ಲಿ ಹಳೆಯ ನಿಲ್ದಾಣವೊಂದರ ಗಾಳಿಗಂಡಿಯಿಂದ ಬರುವ ಬೆಚ್ಚನೆಯ ಗಾಳಿಯ ಶಾಖವನ್ನು 2020ರಿಂದ ಮನೆಗಳಿಗೆ ಹಂಚುತ್ತಿದ್ದಾರೆ. ಬೆಂಗಳೂರಿಗೆ ಮನೆಯನ್ನು ಕಾಯಿಸುವ ಹಂಗಿಲ್ಲ. ಆದರೆ ಮುಂಜಾನೆ ಲಕ್ಷಾಂತರ ಸ್ನಾನದ ಮನೆಗಳಲ್ಲಿ ವಿದ್ಯುತ್ ಹಂಡೆಗಳು ಒಟ್ಟಿಗೆ ಹೊತ್ತುತ್ತವೆ. ಯಾವುದಾದರೊಂದು ದೊಡ್ಡ ಕಟ್ಟಡವನ್ನು ನೋಡಿದರೆ, ಒಂದು ಯಂತ್ರವು ಕೋಣೆಗಳ ಶಾಖವನ್ನು ಹೀರಿ ಮಾಳಿಗೆಯ ಮೇಲಿನ ಗಾಳಿಗೆ ಚೆಲ್ಲುತ್ತಿರುತ್ತದೆ. ಇನ್ನೊಂದು ಯಂತ್ರವು ಸ್ನಾನದ ನೀರಿಗೆಂದು ಹೊಸದಾಗಿ ಶಾಖವನ್ನು ಹುಟ್ಟಿಸುತ್ತಿರುತ್ತದೆ. ಒಂದೇ ಮನೆಯಲ್ಲಿ ಅಣ್ಣನು ಅನ್ನವನ್ನು ಚೆಲ್ಲುತ್ತ ತಮ್ಮನು ಅಕ್ಕಿಯನ್ನು ಸಾಲ ತರುತ್ತಿದ್ದರೆ ಹಿರಿಯರು ಏನೆನ್ನುವರೋ ಅದನ್ನೇ ಇಲ್ಲಿಯೂ ಹೇಳಬೇಕು.

ಹಾಗೆಂದು ನೆಲದ ಕಾವು ಏರುವುದೇ ಭಾಗ್ಯವೆಂದು ತಿಳಿಯಬಾರದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಪ್ರಾಣವಾಯು ಕಡಿಮೆ. ಕತ್ತಲಲ್ಲಿ ಬಾಳುತ್ತ ನೀರನ್ನು ಶುದ್ಧವಾಗಿಡುವ ಸೂಕ್ಷ್ಮಜೀವಿಗಳ ಸಂಸಾರ ಏರುಪೇರಾಗುತ್ತದೆ. ನೆಲವೂ ಕಾವಿಗೆ ಹಿಗ್ಗಿ ಕುಗ್ಗುತ್ತದೆ; ಷಿಕಾಗೋ ನಗರದ ಕೆಳಗೆ ಇದು ಮಿಲಿಮೀಟರುಗಳ ಲೆಕ್ಕದಲ್ಲಿ ನಡೆದಿದೆಯೆಂದು 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಕಾವನ್ನು ಬೇಕಾಬಿಟ್ಟಿ ತೆಗೆದರೂ ಕೇಡೇ. ಇಡದೆ ತೆಗೆದರೆ ಯಾವ ಗಂಟು ತಾನೆ ಉಳಿದೀತು? ಬೇಸಗೆಯಲ್ಲಿ ಮನೆಯ ಸೆಕೆಯನ್ನು ನೆಲಕ್ಕೆ ಇಟ್ಟು ಚಳಿಗಾಲದಲ್ಲಿ ಅದನ್ನು ಮರಳಿ ಪಡೆಯುವುದು, ಸೇದಿದ ನೀರನ್ನು ಶುದ್ಧವಾಗಿಯೇ ನೆಲಕ್ಕೆ ಹಿಂದಿರುಗಿಸುವುದು, ಇವೆರಡೇ ಈ ವ್ಯವಹಾರದ ಧರ್ಮ.

ಆದರೆ ವ್ಯವಹಾರಕ್ಕೆ ಮೊದಲು ಬಂಡವಾಳ ಬೇಕು. ಒಣಗಿದ ಬಾವಿಯಿಂದ ಎಂಥ ಕಪಿಲೆಯೂ ಕಾವನ್ನು ಎತ್ತಲಾರದು. ಕೊಳವೆಯನ್ನು ನೆಲದಲ್ಲಿ ಹೂತು ಒಣಬಂಡೆಯಿಂದಲೂ ಶಾಖವನ್ನು ತೆಗೆಯಬಹುದೆಂಬುದು ಸರಿಯೇ. ಆದರೆ ಚಲಿಸುವ ನೀರಿನಷ್ಟು ಸರಾಗವಾಗಿ ಶಾಖವನ್ನು ಒಯ್ದು ತರುವ ದೂತ ಮತ್ತೊಬ್ಬನಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಸಾವಿರಾರು ಸಾರ್ವಜನಿಕ ಕೊಳವೆ ಬಾವಿಗಳು ಬತ್ತಿದುವು. ಜನರು ಕೊಡಗಳನ್ನು ಹಿಡಿದು ಟ್ಯಾಂಕರಿನ ಮುಂದೆ ಸಾಲುಗಟ್ಟಿದರು. ಸಾವಿರ ಅಡಿಗೂ ಮೀರಿ ಕೊರೆದವರು ಅಲ್ಲಿ ಕಂಡದ್ದು ಹಳೆಯ ಮಳೆಯ ಕೊನೆಯ ಹನಿಗಳನ್ನು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಹಿಂದೆ ನಗುತ್ತಿದ್ದರು. ಈಗ ಬಾವಿ ತೋಡಿದರೂ ನೀರು ಬರುವುದೆಂಬ ಭರವಸೆಯಿಲ್ಲ.

ಹಳ್ಳಿಯ ಕೋಡಿಹಳ್ಳಿಗೂ ಈ ಹಾದಿ ದೂರವಿಲ್ಲ. 2007ರಲ್ಲಿ ಬೇರೆಯ ಜಿಲ್ಲೆಯಾದ ರಾಮನಗರಕ್ಕೆ 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ನಗರದ ಹೆಸರು ಮುಂದೆ ಬಂದಿದೆ. ಅದರ ಡಾಂಬರು ಹಿಂದೆ ಬರುತ್ತಿದೆ. ಸೇದುವ ಬಾವಿಗಳು ಎಷ್ಟೋ ಊರುಗಳಲ್ಲಿ ಕಸದ ಗುಂಡಿಗಳಾಗಿವೆ. ರಾಟೆಯ ಸದ್ದನ್ನು ಕೇಳದ ಮಕ್ಕಳು ಬೆಳೆದಿದ್ದಾರೆ. ಅವರ ಕೈ ಪುಷ್ಯಮಾಸದ ಬಾವಿಯ ನೀರನ್ನು ಮುಟ್ಟಿಲ್ಲ. ಆದುದರಿಂದ ನೆಲದೊಳಗೆ ಬೆಚ್ಚಗಿರುವುದೊಂದು ಇದೆಯೆಂಬ ಅರಿವೇ ಅವರ ಮೈಗೆ ಇಲ್ಲ. ಅಂಥವರಿಗೆ ಯಂತ್ರದ ಲೆಕ್ಕವನ್ನು ಎಷ್ಟು ಹೇಳಿದರೂ ಅದು ಪುಸ್ತಕದ ಮಾತಾಗಿಯೇ ಉಳಿಯುತ್ತದೆ.

ಕೆರೆಯ ಹೂಳನ್ನು ತೆಗೆಸುವವನು, ಮಾಳಿಗೆಯ ಮಳೆಯನ್ನು ಬಾವಿಗೆ ತಿರುಗಿಸುವವನು, ಅಂಗಳದ ಒಂದು ಮೂಲೆಯಲ್ಲಾದರೂ ಕಲ್ಲು ಹಾಸದೆ ಮಣ್ಣನ್ನು ಬಿಡುವವನು, ಇವರೆಲ್ಲ ತಾವು ನೀರನ್ನು ಮಾತ್ರ ಉಳಿಸುತ್ತಿದ್ದೇವೆಂದು ತಿಳಿದಿರಬಹುದು. ಅವರು ಉಳಿಸುತ್ತಿರುವುದು ಮುಂದಿನ ಮನೆತನದ ಒಲೆಯನ್ನು ಕೂಡ. ಕೆರೆಗೆ ನೀರು ಬಂದರೆ ಬಾವಿಗೆ ಒರತೆ. ಬಾವಿಗೆ ಒರತೆಯಿದ್ದರೆ ಹುಳುಮನೆಗೆ ಹದ, ಹಂಡೆಗೆ ಕಾವು. ಊರಿನ ಹೆಸರಿನಲ್ಲಿ ಕೋಡಿಯನ್ನು ಇಟ್ಟವರು ತುಂಬಿದ ಕೆರೆಯನ್ನು ಕಣ್ಣಾರೆ ಕಂಡು ಇಟ್ಟರು. ಆ ಹೆಸರು ಹುಸಿಯಾಗದಂತೆ ನೋಡಿಕೊಳ್ಳುವ ಭಾರ ಈಗ ಎರಡು ಕೋಡಿಹಳ್ಳಿಗಳ ಮೇಲೂ ಇದೆ.